ಸ್ಕೀಯಿಂಗ್ ಬಾರದವರು ಹಿಮದ ಬೆಟ್ಟಕ್ಕೆ ಹೋಗಬಹುದೇ?

ಪ್ರಶ್ನೆ: ನನಗೆ 53 ವರ್ಷ, ಮೈಸೂರಿನಲ್ಲಿದ್ದೇನೆ. ಮಗಳು ಫ್ರಾನ್ಸಿನ ಗ್ರೆನೋಬಲ್‌ನಲ್ಲಿ ಓದುತ್ತಿದ್ದಾಳೆ. ಫೆಬ್ರುವರಿಯಲ್ಲಿ ನಾನು ಅಲ್ಲಿಗೆ ಹೋದಾಗ ಆಲ್ಪ್ಸ್‌ನ ಕೇರಾ ಕಣಿವೆಯಲ್ಲಿ ಒಂದು ವಾರ ಸ್ನೋಶೂ ಹಾಕಿಕೊಂಡು ನಡೆಯುವ ಯೋಚನೆ ಇದೆ. ನಾನು ಹಿಮವನ್ನೇ ಕಂಡವಳಲ್ಲ, ಸ್ಕೀಯಿಂಗ್ ಗೊತ್ತಿಲ್ಲ. ನನ್ನಿಂದ ಆಗುತ್ತದೆಯೇ? ಗೈಡ್ ಇರುವ ಪ್ರವಾಸ ದುಬಾರಿ, ಶೂಗಳನ್ನು ಬಾಡಿಗೆಗೆ ತೆಗೆದುಕೊಂಡು ನಾವೇ ಹೋಗೋಣ ಎನ್ನುತ್ತಾಳೆ ಮಗಳು. ಯಾವುದು ಸರಿ?

ಉತ್ತರ: ನಿಮ್ಮಿಂದ ಖಂಡಿತ ಆಗುತ್ತದೆ. ಸ್ಕೀಯಿಂಗ್ ಎಂದರೆ ಜಾರುವುದು, ಇದು ಹಿಮದಲ್ಲಿ ಹೂತುಹೋಗದಂತೆ ಬೂಟಿಗೆ ಅಗಲವಾದ ಚೌಕಟ್ಟು ಕಟ್ಟಿಕೊಂಡು ಮಾಡುವ ಬರೀ ನಡಿಗೆ. ಕಲಿಯಲು ಹತ್ತು ನಿಮಿಷ ಸಾಕು. ಆ ಹತ್ತು ನಿಮಿಷದಲ್ಲಿ ಕಲಿಯುವುದು ಶೂಗಳ ಬಳಕೆಯನ್ನು ಮಾತ್ರ, ಹಿಮವನ್ನಲ್ಲ. ಮಗಳ ಲೆಕ್ಕ ತಪ್ಪಿರುವುದು ಅಲ್ಲಿ. ಮೊದಲು ನಿಮ್ಮ ಭಯಕ್ಕೆ ಉತ್ತರ ಹೇಳಿ, ಆಮೇಲೆ ಅವಳ ಉಳಿತಾಯದ ಮಾತಿಗೆ ಬರುತ್ತೇನೆ.

ಕರಾವಳಿಯವರಿಗೆ ಈ ಶೂವಿನ ತತ್ವವನ್ನು ವಿವರಿಸಬೇಕಾಗಿಲ್ಲ. ಕಂಬಳದಲ್ಲಿ ಅಡ್ಡಹಲಗೆಯ ಮೇಲೆ ನಿಂತವನು ಕೆಸರಿನ ಮೇಲೆಯೇ ಸಾಗುತ್ತಾನೆ; ಹಲಗೆಯಿಂದ ತಪ್ಪಿದರೆ ಕಾಲು ಕೆಸರಿಗೆ ಇಳಿಯುತ್ತದೆ. ಭಾರ ಅಷ್ಟೇ, ಅದು ಹರಡಿಕೊಂಡ ಜಾಗ ಮಾತ್ರ ದೊಡ್ಡದು. ಬೂಟಿನ ಅಡಿಗಿಂತ ಸ್ನೋಶೂವಿನ ಅಡಿ ನಾಲ್ಕೈದು ಪಟ್ಟು ಹೆಚ್ಚು ಜಾಗ ಹಿಡಿಯುತ್ತದೆ. ಉತ್ತರ ಅಮೆರಿಕದ ಮೂಲನಿವಾಸಿಗಳು ಮರವನ್ನು ಬಗ್ಗಿಸಿ ಚೌಕಟ್ಟು ಮಾಡಿ, ಅದಕ್ಕೆ ಹಸಿ ತೊಗಲಿನ ಬಲೆ ಹೆಣೆಯುತ್ತಿದ್ದರು. ನೋಡಲು ಟೆನಿಸ್ ಬ್ಯಾಟಿನಂತೆಯೇ ಇರುತ್ತಿತ್ತು. ಫ್ರೆಂಚರು ಇಂದಿಗೂ ಎರಡಕ್ಕೂ ‘ರಾಕೆಟ್’ ಎಂಬ ಒಂದೇ ಪದವನ್ನು ಬಳಸುತ್ತಾರೆ. ಈಗಿನವು ಪ್ಲಾಸ್ಟಿಕ್ ಅಥವಾ ಅಲ್ಯೂಮಿನಿಯಂನವು, ಜೋಡಿಗೆ ಸುಮಾರು ಎರಡು ಕಿಲೋ ತೂಕ. ನಿಮ್ಮ ಮಾಮೂಲಿ ಚಾರಣದ ಬೂಟನ್ನೇ ಅದರ ಪಟ್ಟಿಗಳಲ್ಲಿ ಬಿಗಿಯುತ್ತಾರೆ. ಮುಂಗಾಲು ಮಾತ್ರ ಕಟ್ಟಿರುತ್ತದೆ, ಹಿಮ್ಮಡಿ ಚಪ್ಪಲಿ ಹಾಕಿದಂತೆ ಏಳುತ್ತಿರುತ್ತದೆ. ಅಡಿಯಲ್ಲಿ ಗಟ್ಟಿ ಹಿಮವನ್ನು ಕಚ್ಚಿ ಹಿಡಿಯುವ ಲೋಹದ ಹಲ್ಲುಗಳಿವೆ. ಹಿಮ್ಮಡಿಯ ಕೆಳಗೆ ಒಂದು ಸಣ್ಣ ಕಂಬಿ ಇದೆ. ಏರು ಬಂದಾಗ ಅದನ್ನು ಎತ್ತಿ ನಿಲ್ಲಿಸಿದರೆ ಹಿಮ್ಮಡಿ ಅದರ ಮೇಲೆ ಕೂರುತ್ತದೆ, ಮೀನಖಂಡಕ್ಕೆ ಮೆಟ್ಟಿಲು ಹತ್ತಿದಷ್ಟೇ ಶ್ರಮ. ಹೊಸಬರು ಈ ಕಂಬಿಯನ್ನು ಮರೆತು ಏದುಸಿರು ಬಿಡುವುದನ್ನು ಎಷ್ಟೋ ಸಲ ಕಂಡಿದ್ದೇನೆ.

ಮುಳುಗುವುದೇ ಇಲ್ಲ ಎಂದುಕೊಳ್ಳಬೇಡಿ. ಆಗಷ್ಟೇ ಬಿದ್ದ ಹತ್ತಿಯಂಥ ಹಿಮದಲ್ಲಿ ಒಂದು ಗೇಣು ಇಳಿಯುತ್ತದೆ. ಸಾಲಿನಲ್ಲಿ ಮೊದಲಿಗರಾಗಿ ಹೋಗುವವರಿಗೇ ಹೆಚ್ಚು ದಣಿವು, ಹಿಂದಿನವರಿಗೆ ದಾರಿ ಸಿದ್ಧವಾಗಿರುತ್ತದೆ. ಮೊದಲ ದಿನ ನೀವು ಐದನೆಯವರೋ ಆರನೆಯವರೋ ಆಗಿ ನಡೆಯಿರಿ, ನಾಚಿಕೆ ಬೇಡ.

ಹೆಜ್ಜೆಯನ್ನು ಸ್ವಲ್ಪ ಅಗಲಿಸಿ ಇಡಬೇಕು, ಇಲ್ಲದಿದ್ದರೆ ಒಂದು ಶೂ ಇನ್ನೊಂದನ್ನು ತುಳಿಯುತ್ತದೆ. ಇಳಿಜಾರಿನಲ್ಲಿ ಮಂಡಿಯನ್ನು ತುಸು ಬಗ್ಗಿಸಿಡಬೇಕು. ಎರಡು ಕೈಗೂ ಊರುಗೋಲು ಇರುತ್ತದೆ. ಮಾಡಬಾರದ್ದು ಒಂದೇ: ಹಿಂದಕ್ಕೆ ಹೆಜ್ಜೆ ಇಡುವುದು. ಶೂವಿನ ಬಾಲ ಹಿಮಕ್ಕೆ ಚುಚ್ಚಿಕೊಂಡು ಆಳನ್ನು ಕೂರಿಸಿಬಿಡುತ್ತದೆ. ನನಗೆ ಇದನ್ನು ಮೊದಲೇ ಹೇಳಿದ್ದರು. ಆದರೂ ಗುಂಪಿನ ಫೋಟೋ ತೆಗೆಯಲು ಎರಡು ಹೆಜ್ಜೆ ಹಿಂದೆ ಸರಿದೆ. ಮರುಕ್ಷಣ ಸೊಂಟದವರೆಗೆ ಹಿಮದಲ್ಲಿ ಕೂತಿದ್ದೆ, ಕ್ಯಾಮೆರಾ ಮಾತ್ರ ಆಕಾಶ ನೋಡುತ್ತಿತ್ತು. ಪೆಟ್ಟೇನೂ ಆಗಲಿಲ್ಲ, ಮೆತ್ತಗಿನ ಹಿಮ. ಏಳುವುದೇ ಕಷ್ಟ. ಕೈ ಊರಿದರೆ ಕೈಯೂ ಹೂತುಹೋಗುತ್ತದೆ. ಎರಡು ಕೋಲುಗಳನ್ನು ಹಿಮದ ಮೇಲೆ ಅಡ್ಡಡ್ಡ ಮಲಗಿಸಿ, ಅವು ಸೇರುವಲ್ಲಿ ಅಂಗೈ ಊರಿ ಏಳಬೇಕು.

ದೇಹಶಕ್ತಿಯ ವಿಚಾರ. ಹೊಸಬರ ಪ್ರವಾಸದಲ್ಲಿ ಸಾಮಾನ್ಯವಾಗಿ ದಿನಕ್ಕೆ ನಾಲ್ಕೈದು ಗಂಟೆ ನಡಿಗೆ, 300ರಿಂದ 500 ಮೀಟರ್ ಏರು ಇರುತ್ತದೆ. ಕುಕ್ಕೆಯಿಂದ ಕುಮಾರಪರ್ವತಕ್ಕೆ ಏರಬೇಕಾದದ್ದು 1500 ಮೀಟರಿಗೂ ಹೆಚ್ಚು. ಅದರ ಮುಂದೆ ಇದು ಏನೂ ಅಲ್ಲ ಅನ್ನಿಸಬಹುದು. ಆದರೆ ಹಿಮದಲ್ಲಿ ವೇಗ ಗಂಟೆಗೆ ಎರಡು ಮೂರು ಕಿಲೋಮೀಟರ್ ಮಾತ್ರ, ಪ್ರತಿ ಹೆಜ್ಜೆಗೂ ಒಂದು ಕಿಲೋ ಎತ್ತಬೇಕು. ನಿಮ್ಮ ಊರಿನಲ್ಲೇ ಅಭ್ಯಾಸಕ್ಕೆ ಜಾಗವಿದೆ: ಚಾಮುಂಡಿ ಬೆಟ್ಟದ ಮೆಟ್ಟಿಲುಗಳು. ಈಗಿನಿಂದ ವಾರಕ್ಕೆ ಮೂರು ದಿನ ಹತ್ತಿ. ಎಲ್ಲೂ ಕೂರದೆ ಹತ್ತಿ ಇಳಿದು, ಮರುದಿನ ಬೆಳಿಗ್ಗೆ ಕಾಲು ಹಿಡಿದುಕೊಳ್ಳದಿದ್ದರೆ ನೀವು ತಯಾರು. ಕೇರಾದಲ್ಲಿ ನಡೆಯುವುದು ಹೆಚ್ಚಾಗಿ 1600ರಿಂದ 2500 ಮೀಟರ್ ಎತ್ತರದಲ್ಲಿ. ಲಡಾಖಿನಂತೆ ಉಸಿರು ಕಟ್ಟುವ ಎತ್ತರವಲ್ಲ. ಆಸ್ತಮಾ ಅಥವಾ ಹೃದಯದ ತೊಂದರೆ ಇದ್ದರೆ ಮಾತ್ರ ವೈದ್ಯರನ್ನು ಕೇಳಿಯೇ ಹೊರಡಿ. ಎತ್ತರಕ್ಕಿಂತ ತಣ್ಣನೆಯ ಒಣಗಾಳಿಯೇ ಎದೆಗೆ ಹೆಚ್ಚು ಕಾಟ ಕೊಡುತ್ತದೆ.

ಇನ್ನು ಮಗಳ ಮಾತು. ಗುರುತು ಹಾಕಿದ, ಊರಿನ ಪಕ್ಕದ ಕಾಡುದಾರಿಗಳಲ್ಲಿ ನೀವಿಬ್ಬರೇ ಒಂದು ಮಧ್ಯಾಹ್ನ ಓಡಾಡಬಹುದು, ಅದರಲ್ಲಿ ತಪ್ಪೇನಿಲ್ಲ. ಅದರಾಚೆಗೆ ಬೇಡ. ಸ್ನೋಶೂವಿನ ಅಪಾಯ ಇರುವುದೇ ಅದರ ಸುಲಭದಲ್ಲಿ. ಸ್ಕೀ ಕಲಿಯಲು ವರ್ಷಗಳು ಬೇಕು, ಆ ವರ್ಷಗಳಲ್ಲಿ ಹಿಮದ ಸ್ವಭಾವವೂ ಒಂದಿಷ್ಟು ತಿಳಿದಿರುತ್ತದೆ. ಸ್ನೋಶೂ ಹಾಕಿದವರು ಮೊದಲ ದಿನವೇ, ಏನೂ ತಿಳಿಯದೆ, ಕಡಿದಾದ ಇಳಿಜಾರಿನ ನಡುವೆ ನಿಂತಿರಬಲ್ಲರು.

ಬೆಟ್ಟದ ಹಿಮ ಒಂದೇ ಮುದ್ದೆಯಲ್ಲ. ಒಂದೊಂದು ಹಿಮಪಾತ ಒಂದೊಂದು ಪದರ. ಗಾಳಿ ತಂದು ಒಟ್ಟಿದ್ದು ಇನ್ನೊಂದು ಪದರ. ಕೆಳಗಿನ ಪದರವೊಂದು ಸಕ್ಕರೆಯಂತೆ ಬಿಡಿಬಿಡಿಯಾಗಿದ್ದು, ಮೇಲಿನದು ಗಟ್ಟಿ ಚಪ್ಪಡಿಯಾಗಿದ್ದರೆ, ಒಬ್ಬರ ಭಾರಕ್ಕೆ ಅಡಿಯ ಪದರ ಕುಸಿದು ಚಪ್ಪಡಿ ಜಾರಿ ಹೊರಡುತ್ತದೆ. ಹೀಗಾಗುವುದು ಹೆಚ್ಚಾಗಿ 30 ಡಿಗ್ರಿಗಿಂತ ಕಡಿದಾದ ಇಳಿಜಾರುಗಳಲ್ಲಿ. ಜನ ಸಿಕ್ಕಿಬೀಳುವ ಇಂಥ ಹಿಮಕುಸಿತಗಳಲ್ಲಿ ಬಹುಪಾಲನ್ನು ಶುರು ಮಾಡುವವರು ಅದರಲ್ಲಿ ಸಿಕ್ಕಿಬಿದ್ದವರೇ, ಇಲ್ಲವೇ ಅವರ ಜೊತೆಗಾರರು. ಮೇಲಿನಿಂದ ತಾನಾಗಿ ಬಂದು ಎರಗುವುದು ಅಪರೂಪ. ಕಾಲಡಿಯಲ್ಲಿ ‘ವುಫ್’ ಎಂದು ದಿಂಬಿನ ಮೇಲೆ ಕುಕ್ಕರಿಸಿ ಕೂತಂಥ ಮಂದ ಸದ್ದು ಕೇಳಿದರೆ ಅದು ಪದರ ಕುಸಿದ ಸದ್ದು. ನಾನು ಒಮ್ಮೆ ಸಮತಟ್ಟಾದ ಜಾಗದಲ್ಲಿ ಕೇಳಿದ್ದೇನೆ. ಗೈಡ್ ಕೈ ಎತ್ತಿ ಎಲ್ಲರನ್ನೂ ನಿಲ್ಲಿಸಿದರು, ಎದುರಿನ ಸುಂದರವಾದ ಬಿಳಿ ಇಳಿಜಾರನ್ನು ಒಂದು ನಿಮಿಷ ನೋಡಿದರು, ಬಂದ ದಾರಿಯಲ್ಲೇ ತಿರುಗಿಸಿದರು. ನನ್ನ ಕಣ್ಣಿಗೆ ಆ ಇಳಿಜಾರಿನಲ್ಲಿ ಏನೂ ಕಂಡಿರಲಿಲ್ಲ. ನೀವು ದುಡ್ಡು ಕೊಡುವುದು ಆ ಒಂದು ನಿಮಿಷಕ್ಕೆ.

ಫ್ರಾನ್ಸಿನ ಹವಾಮಾನ ಸಂಸ್ಥೆ ಚಳಿಗಾಲದಲ್ಲಿ ಪ್ರತಿ ಬೆಟ್ಟಸಾಲಿಗೂ ದಿನವೂ ಹಿಮಕುಸಿತದ ಮುನ್ಸೂಚನೆ ಕೊಡುತ್ತದೆ. 1ರಿಂದ 5ರವರೆಗೆ ಅಂಕಿ, ಯುರೋಪಿನಾದ್ಯಂತ ಅದೇ ಅಳತೆ. ಇಲ್ಲಿ ನಮ್ಮ ಪರೀಕ್ಷೆಯ ಬುದ್ಧಿ ಮೋಸ ಮಾಡುತ್ತದೆ: ಐದರಲ್ಲಿ ಮೂರು ಎಂದರೆ ಮಧ್ಯಮ, ಚಿಂತೆಯಿಲ್ಲ ಎನ್ನಿಸುತ್ತದೆ. ಆದರೆ ಅಪಾಯ ಒಂದೊಂದು ಮೆಟ್ಟಿಲಿಗೂ ಸಮನಾಗಿ ಏರುವುದಿಲ್ಲ, ಹಲವು ಪಟ್ಟು ಜಿಗಿಯುತ್ತದೆ. ಸಾವಿನ ಪ್ರಕರಣಗಳ ದೊಡ್ಡ ಪಾಲು ನಡೆಯುವುದು ಆ ಮೂರರಲ್ಲೇ. ನಾಲ್ಕು ಐದು ಇದ್ದಾಗ ಜನ ಹೆದರಿ ಮನೆಯಲ್ಲಿರುತ್ತಾರೆ.

ಮೊದಲ ಬೆಳಿಗ್ಗೆ ಗೈಡ್ ನಿಮ್ಮ ಕೈಗೆ ಮೂರು ವಸ್ತು ಕೊಡಬೇಕು: ಎದೆಗೆ ಕಟ್ಟಿಕೊಳ್ಳುವ ಸಂಕೇತಯಂತ್ರ, ಮಡಚುವ ಉದ್ದ ಸರಳು, ಸಣ್ಣ ಸಲಿಕೆ. ಯಂತ್ರ ಸದಾ ಸಂಕೇತ ಕಳಿಸುತ್ತಿರುತ್ತದೆ. ಯಾರಾದರೂ ಹೂತುಹೋದರೆ ಉಳಿದವರು ತಮ್ಮ ಯಂತ್ರವನ್ನು ಹುಡುಕಾಟಕ್ಕೆ ತಿರುಗಿಸುತ್ತಾರೆ. ನಮ್ಮ ಗೈಡ್ ಇಂಥ ಒಂದು ಯಂತ್ರವನ್ನಿಟ್ಟ ಚೀಲವನ್ನು ಹಿಮದಲ್ಲಿ ಹೂತು ನಮ್ಮನ್ನು ಹುಡುಕಲು ಬಿಟ್ಟರು. ಪರದೆಯ ಮೇಲೆ 38, 24, 11 ಎಂದು ಅಂಕಿ ಇಳಿಯುತ್ತದೆ, ಬೀಪ್ ಸದ್ದು ಚುರುಕಾಗುತ್ತದೆ. ಕೊನೆಯ ಎರಡು ಮೀಟರಿನಲ್ಲಿ ಯಂತ್ರವನ್ನು ನೆಲಕ್ಕೆ ತಾಗಿಸಿ ಆ ಕಡೆ ಈ ಕಡೆ ಸರಿಸಿ, ಸರಳು ಚುಚ್ಚಿ, ಮೆತ್ತಗೆ ಏನೋ ತಾಗಿದ ಮೇಲೆ ಅಗೆಯಬೇಕು. ಹೂತವರನ್ನು ಮೊದಲ ಹತ್ತು ನಿಮಿಷದಲ್ಲಿ ತೆಗೆದರೆ ಬದುಕುವ ಸಾಧ್ಯತೆ ಚೆನ್ನಾಗಿದೆ, ಆಮೇಲೆ ಅದು ಕಡಿದಾಗಿ ಕುಸಿಯುತ್ತದೆ. ಹೆಲಿಕಾಪ್ಟರ್ ಅಷ್ಟರಲ್ಲಿ ಬರುವುದಿಲ್ಲ, ಉಳಿಸಬೇಕಾದವರು ಪಕ್ಕದಲ್ಲಿರುವವರೇ. ಚೀಲ ಹುಡುಕಲು ನಮಗೆ ಹದಿನೇಳು ನಿಮಿಷ ಹಿಡಿಯಿತು. ಊಟದ ಹೊತ್ತಿನವರೆಗೂ ಯಾರೂ ಹೆಚ್ಚು ಮಾತಾಡಲಿಲ್ಲ.

ಹಾಗಾಗಿ ಪ್ರವಾಸವನ್ನು ಕಾಯ್ದಿರಿಸುವ ಮೊದಲು ಕೇಳಬೇಕಾದದ್ದು ಬೆಲೆಯನ್ನಲ್ಲ. ಅಪಾಯದ ಮಟ್ಟ ನಾಲ್ಕಕ್ಕೆ ಏರಿದರೆ ಏನು ಮಾಡುತ್ತೀರಿ ಎಂದು ಕೇಳಿ. ‘ಕಾರ್ಯಕ್ರಮ ಬದಲಾಗುತ್ತದೆ, ಕಾಡಿನೊಳಗೇ ನಡೆಯುತ್ತೇವೆ’ ಎಂದರೆ ಒಳ್ಳೆಯ ಉತ್ತರ. ‘ಏನೂ ಆಗುವುದಿಲ್ಲ’ ಎಂದರೆ ಬೇರೆಯವರನ್ನು ಹುಡುಕಿ. ಫ್ರಾನ್ಸಿನಲ್ಲಿ ಬೆಟ್ಟದ ನಡಿಗೆಗೆ ಕರೆದೊಯ್ಯುವವರಿಗೆ ಸರ್ಕಾರದ ಡಿಪ್ಲೊಮಾ ಇರಲೇಬೇಕು. ಗುರುತಿನ ಚೀಟಿ ತೋರಿಸಿ ಎಂದರೆ ಅವರು ಬೇಸರಪಡುವುದಿಲ್ಲ. ಇವರು ಹಿಮನದಿಯ ಮೇಲೆ, ಹಗ್ಗ ಬೇಕಾಗುವ ಜಾಗಗಳಿಗೆ ಕರೆದೊಯ್ಯುವಂತಿಲ್ಲ. ನಿಮಗೆ ಅದು ಬೇಕಾಗಿಯೂ ಇಲ್ಲ. ದಿನಕ್ಕೊಂದು ಊರು ಬದಲಿಸುವ ಪ್ರವಾಸಕ್ಕಿಂತ ಒಂದೇ ಕಡೆ ಉಳಿದು ಬೆಳಿಗ್ಗೆ ಹೋಗಿ ಸಂಜೆ ಬರುವುದನ್ನೇ ಆರಿಸಿಕೊಳ್ಳಿ. ಒಂದು ದಿನ ಮೈಕೈ ನೋವು ಎನ್ನಿಸಿದರೆ ಒಲೆಯ ಪಕ್ಕ ಕೂತಿರಬಹುದು.

ಕೇರಾ ಆಯ್ಕೆ ಚೆನ್ನಾಗಿದೆ. ಇಟಲಿಯ ಗಡಿಗೆ ತಾಗಿದ ಕಣಿವೆ, ಆಲ್ಪ್ಸ್‌ನ ಬೇರೆ ಕಡೆಗಳಿಗಿಂತ ಬಿಸಿಲು ಹೆಚ್ಚು. 2040 ಮೀಟರ್ ಎತ್ತರದ ಸಾಂ-ವೆರಾಂ ಯುರೋಪಿನ ಅತಿ ಎತ್ತರದ ಹಳ್ಳಿಗಳಲ್ಲಿ ಒಂದು. ಮರದ ದಿಮ್ಮಿಯ ಹಳೆಯ ಮನೆಗಳು, ಗೋಡೆಗಳ ಮೇಲೆ ಬಣ್ಣದ ನೆರಳುಗಡಿಯಾರಗಳು. ಅಲ್ಲಿನ ಲಾರ್ಚ್ ಮರ ಚಳಿಗಾಲಕ್ಕೆ ಎಲೆ ಉದುರಿಸುವುದರಿಂದ ಕಾಡಿನೊಳಗೂ ಬೆಳಕು ಬೀಳುತ್ತದೆ. ಬೆಳಿಗ್ಗೆ ಹಿಮದ ಮೇಲೆ ಮೊಲದ ಹೆಜ್ಜೆ ಕಾಣುತ್ತದೆ: ಎರಡು ದೊಡ್ಡ ಗುರುತು ಅಕ್ಕಪಕ್ಕ, ಎರಡು ಸಣ್ಣವು ಒಂದರ ಹಿಂದೆ ಒಂದು. ದೊಡ್ಡವು ಹಿಂಗಾಲಿನವು, ಆದರೆ ಮುಂದೆ ಬಿದ್ದಿರುತ್ತವೆ. ಹಾಗಾಗಿ ನೋಡಿದವರು ಮೊಲ ಎದುರು ದಿಕ್ಕಿಗೆ ಹೋಗಿದೆ ಎಂದು ಎಣಿಸುತ್ತಾರೆ. ಕಾಡಿನ ಅಂಚಿನಲ್ಲಿ ಹಗ್ಗ ಕಟ್ಟಿ ತಡೆದ ಜಾಗ ಕಂಡರೆ ದಾಟಬೇಡಿ. ಅಲ್ಲಿ ಕಪ್ಪು ಕಾಡುಕೋಳಿಗಳು ಹಿಮದೊಳಗೆ ಬಿಲ ತೋಡಿ ಕೂತಿರುತ್ತವೆ. ಒಮ್ಮೆ ಬೆಚ್ಚಿ ಹಾರಿದರೆ, ಮೇವು ಕಡಿಮೆಯಿರುವ ಆ ಕಾಲದಲ್ಲಿ ಕಳೆದ ಶಕ್ತಿಯನ್ನು ಮತ್ತೆ ಕೂಡಿಸಿಕೊಳ್ಳುವುದು ಅವಕ್ಕೆ ಕಷ್ಟ.

ಬಟ್ಟೆಯಲ್ಲಿ ನಮ್ಮವರು ಮಾಡುವ ತಪ್ಪು ಒಂದೇ: ಚಳಿ ಎಂದು ಇರುವುದನ್ನೆಲ್ಲ ಹಾಕಿಕೊಳ್ಳುವುದು. ಏರು ಶುರುವಾದ ಕಾಲು ಗಂಟೆಗೆ ಬೆವರು ಇಳಿಯುತ್ತದೆ, ನಿಂತಾಗ ಅದೇ ಬೆವರು ಮೈಮೇಲೆ ತಣ್ಣಗಾಗುತ್ತದೆ. ಹೊರಡುವಾಗ ಸ್ವಲ್ಪ ಚಳಿ ಎನ್ನಿಸುವಷ್ಟೇ ಬಟ್ಟೆ ಇರಲಿ, ದಪ್ಪ ಜಾಕೆಟ್ಟು ಚೀಲದಲ್ಲಿದ್ದು ನಿಂತಾಗ ಹೊರಬರಲಿ. ಹತ್ತಿಯ ಬನಿಯನ್, ಜೀನ್ಸ್ ಮನೆಯಲ್ಲೇ ಬಿಡಿ, ಒದ್ದೆಯಾದ ಹತ್ತಿ ಬೇಗ ಒಣಗುವುದಿಲ್ಲ. ಮೈಗೆ ತಾಗುವುದು ತೆಳು ಉಣ್ಣೆಯದಾಗಿರಲಿ. ಕಪ್ಪು ಕನ್ನಡಕ ಕಡ್ಡಾಯ. ಹೊಸ ಹಿಮ ಬಿಸಿಲಿನ ಅತಿನೇರಳೆ ಕಿರಣವನ್ನು ಶೇಕಡಾ 80ರವರೆಗೆ ತಿರುಗಿಸಿ ಎಸೆಯುತ್ತದೆ. ಸನ್‌ಸ್ಕ್ರೀನನ್ನು ಗದ್ದದ ಕೆಳಗೂ ಮೂಗಿನ ಹೊಳ್ಳೆಯ ಅಂಚಿಗೂ ಹಚ್ಚಿ. ಸ್ನೋಶೂ, ಕೋಲು ಎಲ್ಲವೂ ಅಲ್ಲೇ ಬಾಡಿಗೆಗೆ ಸಿಗುತ್ತವೆ, ಇಲ್ಲಿಂದ ಹೊರಬೇಡಿ. ಬೂಟು ಮಾತ್ರ ನಿಮ್ಮದೇ ಇರಲಿ, ನೀರು ಹೋಗದಂಥದ್ದು, ಚಾಮುಂಡಿ ಬೆಟ್ಟದಲ್ಲಿ ಪಳಗಿದ್ದು.

ಫ್ರಾನ್ಸಿಗೆ ಹೋಗಲು ಬೇಕಾದ ಷೆಂಗೆನ್ ವೀಸಾಕ್ಕೆ ಕನಿಷ್ಠ 30,000 ಯುರೋ ಮೊತ್ತದ ವಿಮೆ ಮಾಡಿಸಲೇಬೇಕು. ಕಡಿಮೆ ಬೆಲೆಯ ಪಾಲಿಸಿಗಳಲ್ಲಿ ಸಾಹಸ ಕ್ರೀಡೆಗೆ ಅನ್ವಯಿಸುವುದಿಲ್ಲ ಎಂಬ ಸಾಲು ಸಣ್ಣಕ್ಷರದಲ್ಲಿರುತ್ತದೆ, ಸ್ನೋಶೂ ಅದರೊಳಗೆ ಬರುತ್ತದೆಯೇ ಎಂದು ಬರಹದಲ್ಲೇ ಕೇಳಿ ಪಡೆಯಿರಿ. ಫೆಬ್ರುವರಿಯಲ್ಲಿ ಫ್ರಾನ್ಸಿನ ಶಾಲೆಗಳಿಗೆ ರಜೆ. ಕೋಣೆಗಳು ಬೇಗ ಮುಗಿಯುತ್ತವೆ. ಮಾರ್ಚ್ ಮೊದಲರ್ಧ ಸಾಧ್ಯವಾದರೆ ಹಗಲೂ ಉದ್ದ, ಚಳಿಯೂ ಕಡಿಮೆ.

ನೀವು ಕೇಳಿಲ್ಲ, ಆದರೂ ಊಟದ ಬಗ್ಗೆ ಹೇಳುತ್ತೇನೆ. ಬೆಟ್ಟದ ವಸತಿಗಳಲ್ಲಿ ರಾತ್ರಿ ಎಲ್ಲರಿಗೂ ಒಂದೇ ಅಡುಗೆ. ಸಸ್ಯಾಹಾರಿಗಳಾದರೆ ಕಾಯ್ದಿರಿಸುವಾಗಲೇ ತಿಳಿಸಿ, ‘ಮೀನೂ ಇಲ್ಲ, ಹಂದಿಮಾಂಸದ ತುಣುಕೂ ಇಲ್ಲ’ ಎಂದು ಬಿಡಿಸಿ ಬರೆಯಿರಿ. ಆಲೂಗಡ್ಡೆ ಮತ್ತು ಚೀಸ್‌ನ ತಿನಿಸಿನಲ್ಲಿ ಆ ತುಣುಕುಗಳು ಲೆಕ್ಕಕ್ಕೇ ಇಲ್ಲದಂತೆ ಸೇರಿರುತ್ತವೆ. ಕರಗಿಸಿದ ಚೀಸ್‌ನ ತಿನಿಸಾದ ಫೋಂಡ್ಯೂವಿಗೆ ಬಿಳಿ ವೈನ್ ಹಾಕುತ್ತಾರೆ. ಹಗಲಿನ ಬುತ್ತಿಗೆ ಥರ್ಮೋಸ್‌ನಲ್ಲಿ ಬಿಸಿ ಚಹಾ, ಜೇಬಿನಲ್ಲಿ ಗೋಡಂಬಿ, ಒಣದ್ರಾಕ್ಷಿ, ಕೋಡುಬಳೆ ಇರಲಿ. ಮಗಳಿಗೆ ಎಂದು ತಂದ ಮೈಸೂರು ಪಾಕನ್ನು ಬೆಟ್ಟಕ್ಕೆ ಒಯ್ಯಬೇಡಿ. ಸೊನ್ನೆಗಿಂತ ಹತ್ತು ಡಿಗ್ರಿ ಕೆಳಗೆ ಅದರ ತುಪ್ಪ ಹೆಪ್ಪುಗಟ್ಟಿ, ಒಡೆಯಲು ಆ ಸಲಿಕೆಯೇ ಬೇಕಾಗುತ್ತದೆ.