ರಾತ್ರಿ ವಾಕಿಂಗಿಗೆ ಚಪ್ಪಲಿ ಬೇಡ, ಶೂ ಹಾಕಿ

ಅಮೆರಿಕದ ಫೀನಿಕ್ಸ್‌ನಲ್ಲಿ ಮನೆಯಂಗಳಕ್ಕೆ ಬಂದ, ಬಾಲದಿಂದ ಗಿಲಕಿಯಂತೆ ಸದ್ದು ಮಾಡುವ ವಿಷದ ರ‍್ಯಾಟಲ್‌ಸ್ನೇಕ್‌ಗಳನ್ನು ಹಿಡಿದು ಬೇರೆಡೆ ಬಿಡುವುದು ನನ್ನ ಕೆಲಸ. ಜೂನ್ ಬಂತೆಂದರೆ ಸೌತ್ ಮೌಂಟನ್ ತಪ್ಪಲಿನ ಕನ್ನಡದ ಮನೆಗಳಲ್ಲಿ ಒಂದೇ ಮಾತು: "ಬಿಸಿಲು ಜಾಸ್ತಿ ಆದಷ್ಟೂ ಹಾವು ಜಾಸ್ತಿ ಅಲ್ವಾ ಸರ್? ಅದಕ್ಕೇ ಅಪ್ಪ-ಅಮ್ಮನಿಗೆ ಊಟ ಆದ್ಮೇಲೆ ವಾಕಿಂಗ್ ಹೋಗಿ ಅಂದಿದೀವಿ." ಊರಿಂದ ಬಂದ ಆ ಹಿರಿಯರು ಹವಾಯಿ ಚಪ್ಪಲಿ ಮೆಟ್ಟಿ, ಟಾರ್ಚ್ ಇಲ್ಲದೆ ಕತ್ತಲಲ್ಲಿ ಹೊರಡುತ್ತಾರೆ. ನನಗೆ ಎದೆ ಹೊಡೆದುಕೊಳ್ಳುತ್ತದೆ.

ಹಾವು ಬೆವರುವುದಿಲ್ಲ. ನೆಲ, ಗಾಳಿ, ಬಿಸಿಲು ಎಷ್ಟು ಕಾಯಿಸಿದರೆ ಅಷ್ಟು ಕಾಯುತ್ತದೆ. ಮೈ ಸುಮಾರು 30 ಡಿಗ್ರಿ ಸೆಲ್ಸಿಯಸ್ ಇದ್ದರೆ ಅದಕ್ಕೆ ಹಿತ. 40 ದಾಟಿ ಏರುತ್ತ ಹೋದರೆ ಜೀವಕ್ಕೇ ಅಪಾಯ. 2023ರ ಬೇಸಿಗೆಯಲ್ಲಿ ಇಲ್ಲಿ ಸತತ 31 ದಿನ ಗಾಳಿಯೇ 43 ಡಿಗ್ರಿ ಮುಟ್ಟಿತ್ತು. ನೆಲದ ಕಾವು ಅದಕ್ಕಿಂತ ಎಷ್ಟೋ ಹೆಚ್ಚು. ಅಂಥ ನೆಲದ ಮೇಲೆ ನಡುಮಧ್ಯಾಹ್ನ ಸಿಕ್ಕಿಕೊಂಡ ಹಾವು ಕೆಲವೇ ನಿಮಿಷಗಳಲ್ಲಿ ಸಾಯಬಹುದು. ಹಾಗಾಗಿ ಹಗಲೆಲ್ಲ ಇಲಿಬಿಲದಲ್ಲಿ, ಕಲ್ಲಿನ ಸಂದಿಯಲ್ಲಿ ಬಿದ್ದಿರುತ್ತದೆ. ಹೊತ್ತು ಮುಳುಗಿ ನೆಲ ಆರಿದ ಮೇಲೆ ಬೇಟೆಗೆ ಹೊರಡುತ್ತದೆ. ನಿಮ್ಮ ವಾಕಿಂಗ್ ಹೊತ್ತೂ ಅದೇ. ಎಷ್ಟು ಸಲ ಹೇಳಿದರೂ ಸಾಲದು: ಕಡುಬೇಸಿಗೆಯಲ್ಲಿ ಹಾವಿನ ಹೊತ್ತು ರಾತ್ರಿ.

ಹಾಗೆಂದು ಮಧ್ಯಾಹ್ನ ಹಾವೇ ಇರುವುದಿಲ್ಲವೆಂದು ಬರೆದುಕೊಡಲಾರೆ. ಗ್ಯಾರೇಜಿನ ಮೂಲೆ, ಹೂಕುಂಡದ ಹಿಂದಿನ ನೆರಳು ಅದಕ್ಕೂ ಬೇಕು. ಮಾರ್ಚ್, ಏಪ್ರಿಲ್‌ನಲ್ಲಂತೂ ಹಗಲೇ ಓಡಾಡುತ್ತದೆ. ಒಂದು ಮನೆಯಲ್ಲಿ ಎ.ಸಿ. ನೀರು ತೊಟ್ಟಿಕ್ಕುವ ಕಡೆ ಸುರುಳಿ ಸುತ್ತಿ ಮಲಗಿತ್ತು. ಹಾಸನದ ಅಜ್ಜಿಯೊಬ್ಬರು ಕಿಟಕಿಯಿಂದ ನೋಡುತ್ತ, "ಬಾಯಾರಿ ಬಂದಿದೆ, ಪಾಪ, ಹೊಡೀಬೇಡಿ" ಎಂದರು. ಅವರ ಊಹೆಯಲ್ಲಿ ಹುರುಳಿದೆ. ಮಳೆ ಬಂದಾಗ ಈ ಹಾವುಗಳು ಮೈ ಚಪ್ಪಟೆ ಮಾಡಿ, ಸುರುಳಿಯಲ್ಲಿ ನಿಂತ ನೀರನ್ನು ಕುಡಿಯುತ್ತವೆ.

ಚಳಿಗಾಲದಲ್ಲಿ ಈ ಹಾವುಗಳಲ್ಲೇ ಒಂದು ಜಾತಿಯಾದ ವೆಸ್ಟರ್ನ್ ಡೈಮಂಡ್‌ಬ್ಯಾಕ್‌ಗಳು ಬಂಡೆಗಳ ಒಳಗಿನ ಗೂಡಿನಲ್ಲಿ ಒಟ್ಟಾಗಿ ಸೇರುತ್ತವೆ, ವರ್ಷವರ್ಷವೂ ಬಹುಮಟ್ಟಿಗೆ ಅದೇ ಗೂಡಿಗೆ ಮರಳುತ್ತವೆ. ಬಿಸಿಲು ಬಂದ ದಿನ ಬಾಗಿಲಲ್ಲಿ ಮೈ ಕಾಯಿಸುತ್ತವೆ. "ಐವತ್ತು ಮೈಲಿ ದೂರ ಬಿಟ್ಟು ಬನ್ನಿ" ಎಂದವರಿಗೆ ನಾನು ಒಪ್ಪದಿರುವುದು ಇದಕ್ಕೇ. ಗೊತ್ತಿದ್ದ ಬಿಲ, ನೆರಳು, ಗೂಡು ತಪ್ಪಿದ ಹಾವು ಬದುಕುವುದು ಕಷ್ಟ.

ವಾಕಿಂಗ್ ಬಿಡಿ ಎನ್ನುತ್ತಿಲ್ಲ. ಮುಚ್ಚಿದ ಶೂ, ಕೈಯಲ್ಲಿ ಟಾರ್ಚ್, ಪೊದೆಯಂಚು ಬಿಟ್ಟು ನಡಿಗೆ. ಕಚ್ಚಿದರೆ ಕಟ್ಟಬೇಡಿ, ಕೊಯ್ಯಬೇಡಿ. ತಕ್ಷಣ ಇಲ್ಲಿನ ತುರ್ತು ಸಂಖ್ಯೆ 911ಕ್ಕೆ ಫೋನ್ ಮಾಡಿ.