ಛಾವಣಿ ಬೀಳೋದಲ್ಲ, ಹಾರೋದು!

ಶೀಟಿನ ಮನೆಗಳ ಮೇಲೆ ಸಾಲಾಗಿ ಕಲ್ಲು ಪೇರಿಸಿರ್ತಾರಲ್ಲ, ನೋಡಿದ್ದೀರಾ? ಯಾಕೆ ಅಂತ ಆ ಮನೆಯ ಮಕ್ಕಳಿಗೂ ಗೊತ್ತು. ಆದರೆ ದೊಡ್ಡ ಸ್ಟೇಡಿಯಂ ಕಂಡ ಕೂಡಲೇ ನಾವು ಕೇಳುವುದು ಒಂದೇ: 'ಕಂಬವೇ ಇಲ್ಲ, ಬೀಳಲ್ವಾ?' ಹಗುರವಾದ ಛಾವಣಿಗೆ ಬೀಳುವುದಕ್ಕಿಂತ ಹಾರಿಹೋಗುವ ಭಯ ಜಾಸ್ತಿ. ಗಾಳಿ ಮೇಲೆ ರಭಸವಾಗಿ ಹರಿದಾಗ ಅಲ್ಲಿ ಒತ್ತಡ ಇಳಿಯುತ್ತದೆ, ಒಳಗಿನ ಗಾಳಿ ಕೆಳಗಿಂದ ನೂಕುತ್ತದೆ.

ಈ ಲೆಕ್ಕ ನೋಡಬೇಕೆಂದರೆ ಅಮೆರಿಕದ ನಾರ್ತ್ ಕ್ಯಾರೊಲಿನಾದ ರಾಲಿ ಊರಿನ ಡಾರ್ಟನ್ ಅರೀನಾಕ್ಕೆ ಹೋಗಬೇಕು. 1952ರಲ್ಲಿ ಅಲ್ಲಿನ ರಾಜ್ಯ ಜಾತ್ರೆಯ ಮೈದಾನದಲ್ಲಿ ಎದ್ದದ್ದು. ಮೊದಲ ಉದ್ದೇಶ ದನಗಳ ಪ್ರದರ್ಶನ! ಆಮೇಲೆ ಬ್ಯಾಸ್ಕೆಟ್‌ಬಾಲ್, ಐಸ್ ಹಾಕಿ, ಸಂಗೀತ ಕಛೇರಿ ಎಲ್ಲಾ ಬಂದವು.

ಕಾಂಕ್ರೀಟಿನ ಎರಡು ದೊಡ್ಡ ಕಮಾನುಗಳು. ಎದುರುಬದುರಾಗಿ, ಎರಡೂ ಹೊರಕ್ಕೆ ವಾಲಿಕೊಂಡಿವೆ. ಬೀಳಬೇಕಿತ್ತು. ಇಬ್ಬರು ಹುಡುಗರು ಕೈ ಕೈ ಹಿಡಿದು ಹಿಂದಕ್ಕೆ ವಾಲಿದರೆ ಇಬ್ಬರೂ ಬೀಳುವುದಿಲ್ಲ, ಅಲ್ವಾ? ಹಾಗೆಯೇ ಇಲ್ಲಿ. ಕೈಗಳ ಜಾಗದಲ್ಲಿ ಉಕ್ಕಿನ ಹಗ್ಗಗಳು. ಆ ಹಗ್ಗಗಳೇ ಛಾವಣಿಯನ್ನು ಹೊತ್ತಿವೆ. ಕಮಾನಿನ ಕಾಲುಗಳು ಹೊರಕ್ಕೆ ಜಾರದಂತೆ ನೆಲದಡಿಯಲ್ಲೂ ಹಗ್ಗ ಬಿಗಿದಿದ್ದಾರೆ, ಬಿಲ್ಲಿಗೆ ಹೆದೆ ಕಟ್ಟಿದಂತೆ. ಸುತ್ತಲಿನ ತೆಳ್ಳನೆಯ ಕಂಬಗಳಿಗೆ ಕಮಾನಿನ ಭಾರವಷ್ಟೇ. ಒಳಗೆ ಒಂದೂ ಕಂಬವಿಲ್ಲ.

ಹಗ್ಗ ಮಧ್ಯದಲ್ಲಿ ಜೋಲುತ್ತದೆ. ಜೋಲಲೇಬೇಕು! ಬಟ್ಟೆ ಒಣಹಾಕುವ ಹಗ್ಗವನ್ನು ಎಷ್ಟೇ ಎಳೆದು ಕಟ್ಟಿ, ಒದ್ದೆ ಪಂಚೆ ಹಾಕಿದರೆ ಬಾಗುತ್ತದೆ. ಜೋಲು ಅರ್ಧ ಮಾಡಿದರೆ ಹಗ್ಗದ ಎಳೆತ ಸುಮಾರು ಎರಡರಷ್ಟಾಗುತ್ತದೆ. ಪೂರ್ತಿ ನೇರ ಮಾಡುತ್ತೇನೆ ಎಂದು ಹಟ ಹಿಡಿದರೆ ಯಾವ ಗೂಟವೂ ನಿಲ್ಲದು. ಸರಿ, ಭಾರ ಹೊರುವುದಾಯಿತು. ಗಾಳಿಗೆ? ಅಡ್ಡಕ್ಕೆ ಇನ್ನೊಂದು ಸಾಲು ಹಗ್ಗ, ಇದು ಮೇಲಕ್ಕೆ ಉಬ್ಬಿದ್ದು. ಜೋಲುವ ಹಗ್ಗ ಎತ್ತಿ ಹಿಡಿಯುತ್ತದೆ, ಇದು ಒತ್ತಿ ಹಿಡಿಯುತ್ತದೆ. ಒಂದು ಕಡೆ ತಗ್ಗು, ಇನ್ನೊಂದು ಕಡೆ ಉಬ್ಬು: ಥೇಟ್ ಕುದುರೆಯ ಜೀನು. ನಮ್ಮ ಶೀಟಿನ ಮೇಲಿನ ಕಲ್ಲಿನ ಕೆಲಸವನ್ನೇ ಇಲ್ಲಿ ಹಗ್ಗ ಮಾಡುತ್ತಿದೆ. ಕಲ್ಲು ಭಾರ, ಹಗ್ಗ ಹಗುರ, ಅಷ್ಟೇ ವ್ಯತ್ಯಾಸ.

ಇದನ್ನು ಯೋಚಿಸಿದವರು ಪೋಲಿಷ್ ಮೂಲದ ವಾಸ್ತುಶಿಲ್ಪಿ ಮ್ಯಾಥ್ಯೂ ನೊವಿತ್ಸ್ಕಿ. ಚಂಡೀಗಢ ನಗರದ ಮೊದಲ ಯೋಜನೆಯಲ್ಲೂ ಇದ್ದರು, ಅಮೆರಿಕದ ನಗರ ಯೋಜಕ ಆಲ್ಬರ್ಟ್ ಮೇಯರ್ ಜೊತೆ. ಭಾರತದಿಂದ ಹಿಂದಿರುಗುವಾಗ, 1950ರ ಆಗಸ್ಟ್ 31ರಂದು ಈಜಿಪ್ಟ್‌ನಲ್ಲಿ ವಿಮಾನ ಬಿತ್ತು. ತೀರಿಕೊಂಡಾಗ ಅವರಿಗೆ ಬರೀ 40. ಚಂಡೀಗಢ ಕೊನೆಗೆ ವಾಸ್ತುಶಿಲ್ಪಿ ಲ ಕಾರ್ಬ್ಯೂಸಿಯೆ ಕೈಗೆ ಹೋಯಿತು. ಅರೀನಾವನ್ನು ವಾಸ್ತುಶಿಲ್ಪಿ ವಿಲಿಯಂ ಡೈಟ್ರಿಕ್, ಎಂಜಿನಿಯರ್ ಫ್ರೆಡ್ ಸೆವೆರುಡ್ ಸೇರಿ ಮುಗಿಸಿದರು. ಕಟ್ಟಡಕ್ಕೆ 1961ರಲ್ಲಿ ಇಟ್ಟದ್ದು ಜಾತ್ರೆಯ ಮ್ಯಾನೇಜರ್ ಹೆಸರು.