ಬಡಕಲು ಕುದುರೆಗೆ ಹಸುವಿನ ಲೆಕ್ಕ ಹಾಕಬೇಡಿ

ಕೋಲಾರ, ಚಿಕ್ಕಬಳ್ಳಾಪುರ ಅಂದರೆ ಹಾಲಿನ ಸೀಮೆ. ಮಾಲೂರಿನಿಂದ ಗೌರಿಬಿದನೂರಿನ ತನಕ ಯಾವ ಪಶು ಆಹಾರದ ಅಂಗಡಿಗೆ ಹೋದರೂ ಸಿಗುವುದು ಹಸುವಿನ ಫೀಡು, ಬೂಸಾ, ಹಿಂಡಿ. ಹೊಲದಲ್ಲಿ ನೇಪಿಯರ್, ಕಣದಲ್ಲಿ ರಾಗಿ ಹುಲ್ಲಿನ ಬಣವೆ. ಮದುವೆ ಮೆರವಣಿಗೆಗೆಂದು ಕುದುರೆ ಸಾಕಿದವರೂ, ರೇಸಿನಿಂದ ಬಿಡುಗಡೆಯಾದ ಕುದುರೆಯನ್ನು ತೋಟಕ್ಕೆ ತಂದುಕೊಂಡವರೂ ಇದೇ ಅಂಗಡಿಗೆ ಹೋಗುತ್ತಾರೆ, ಇದೇ ಮೇವನ್ನು ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಹಾಕುತ್ತಾರೆ. ಕುದುರೆ ಬಡವಾದರೆ ಬೂಸಾ ಇನ್ನೆರಡು ಬೊಗಸೆ ಜಾಸ್ತಿಯಾಗುತ್ತದೆ. ತಿಂಗಳು ಕಳೆದರೂ ಹೊಟ್ಟೆ ಮಾತ್ರ ಮುಂದೆ, ಬೆನ್ನುಮೂಳೆ ಇದ್ದ ಹಾಗೇ.

ಹಸು ಮೇವನ್ನು ಮೊದಲು ಹುದುಗಿಸಿ ಆಮೇಲೆ ಜೀರ್ಣಿಸಿಕೊಳ್ಳುತ್ತದೆ. ಕುದುರೆಯದು ತಿರುಗುಮುರುಗು. ಹಸುವಿನ ಮೊದಲ ಹೊಟ್ಟೆಯಲ್ಲಿ ಹುಲ್ಲನ್ನು ಒಡೆಯುವ ಸೂಕ್ಷ್ಮಾಣುಗಳೇ ಮುಂದೆ ಸಣ್ಣ ಕರುಳಿನಲ್ಲಿ ಜೀರ್ಣವಾಗಿ ಅದಕ್ಕೆ ಪ್ರೋಟೀನ್ ಆಗುತ್ತವೆ. ಕುದುರೆಗೆ ಇರುವುದು ಒಂದೇ ಜಠರ, ಅದೂ ಚಿಕ್ಕದು: 500 ಕೆಜಿ ತೂಗುವ ಕುದುರೆಯದೂ 8ರಿಂದ 15 ಲೀಟರ್ ಹಿಡಿದರೆ ಹೆಚ್ಚು. ಪಿಷ್ಟ, ಪ್ರೋಟೀನ್, ಕೊಬ್ಬು ಸಣ್ಣ ಕರುಳಿನಲ್ಲೇ ಜೀರ್ಣವಾಗುತ್ತವೆ. ನಾರು ಹಿಂದಿನ ದೊಡ್ಡ ಕರುಳಿಗೆ ಹೋಗಿ ಅಲ್ಲಿ ಹುದುಗಿ ಶಕ್ತಿ ಕೊಡುತ್ತದೆ. ಆದರೆ ಅಲ್ಲಿ ಬೆಳೆದ ಸೂಕ್ಷ್ಮಾಣುಗಳ ಪ್ರೋಟೀನ್ ಬಹುಪಾಲು ಲದ್ದಿಯ ಜೊತೆ ಹೊರಗೆ ಹೋಗುತ್ತದೆ. ಹಾಗಾಗಿ ಯೂರಿಯಾ ಬೆರೆಸಿದ ಫೀಡಿನಿಂದ ಹಸುವಿಗೆ ಲಾಭವುಂಟು, ಕುದುರೆಗಿಲ್ಲ. ಶೇ. 3–4ರಷ್ಟೇ ಪ್ರೋಟೀನ್ ಇರುವ ರಾಗಿ ಹುಲ್ಲನ್ನೇ ನಂಬಿದ ಕುದುರೆಗೆ ಹೊಟ್ಟೆ ತುಂಬುತ್ತದೆ, ಬೆನ್ನ ಮೇಲೆ ಮಾಂಸ ಹತ್ತುವುದಿಲ್ಲ. ಒರಟು ಹುಲ್ಲು ಕರುಳಲ್ಲಿ ನಿಧಾನಕ್ಕೆ ಸಾಗುವುದರಿಂದ ಹೊಟ್ಟೆ ಜೋತುಬೀಳುತ್ತದೆ, ಒಡೆಯ ಅದನ್ನು ನೋಡಿ ‘ಚೆನ್ನಾಗಿ ತಿನ್ನುತ್ತಿದೆ’ ಅಂದುಕೊಳ್ಳುತ್ತಾನೆ. ಜಠರದಲ್ಲಿ ಆಮ್ಲವಂತೂ ಮೇವಿರಲಿ ಬಿಡಲಿ ದಿನವಿಡೀ ಒಸರುತ್ತಲೇ ಇರುತ್ತದೆ. ಎರಡು ಹೊತ್ತಿನ ಮೇವಿನ ನಡುವೆ ಹತ್ತು ಗಂಟೆ ಖಾಲಿ ನಿಂತ ಕುದುರೆಗೆ ಹುಣ್ಣಾಗುತ್ತದೆ, ಹುಣ್ಣಾದದ್ದು ಮೇವು ಬಿಡುತ್ತದೆ.

ಎಷ್ಟು ಬಡವಾಗಿದೆ ಎಂಬುದನ್ನು ಕಣ್ಣಿಗಿಂತ ಕೈ ಚೆನ್ನಾಗಿ ಹೇಳುತ್ತದೆ. ಕೂದಲು ದಟ್ಟವಾಗಿದ್ದರೆ ಕಣ್ಣು ಮೋಸ ಹೋಗುತ್ತದೆ. 1983ರಲ್ಲಿ ಅಮೆರಿಕದ ಡಾನ್ ಹೆನೆಕೆ ಮತ್ತು ಸಂಗಡಿಗರು ಪ್ರಕಟಿಸಿದ 1ರಿಂದ 9ರ ಅಂಕಪಟ್ಟಿ ಇಂದಿಗೂ ಎಲ್ಲ ಕಡೆ ಬಳಕೆಯಲ್ಲಿದೆ. ಕುತ್ತಿಗೆ, ಹೆಗಲ ಉಬ್ಬು, ಭುಜದ ಹಿಂಭಾಗ, ಪಕ್ಕೆಲುಬು, ಸೊಂಟ, ಬಾಲದ ಬುಡ, ಈ ಆರು ಕಡೆ ಒತ್ತಿ ನೋಡಬೇಕು. ಪಕ್ಕೆಲುಬು ಕಣ್ಣಿಗೆ ಕಾಣದೆ ಕೈಗೆ ಸುಲಭವಾಗಿ ಸಿಕ್ಕರೆ 5, ಅದೇ ಸರಿಯಾದ ಮೈಕಟ್ಟು. ಪಕ್ಕೆಲುಬು ಎಣಿಸುವ ಹಾಗೆ ಕಂಡು, ಬಾಲದ ಬುಡ ಎದ್ದು ನಿಂತಿದ್ದರೆ 3. ಚರ್ಮದಡಿ ಮೂಳೆ ಬಿಟ್ಟು ಬೇರೇನೂ ತಗಲದಿದ್ದರೆ 1.

ತೂಕಕ್ಕೆ ದರ್ಜಿಯ ಟೇಪು ಸಾಕು. ಮುಂಗಾಲಿನ ಹಿಂದೆ ಎದೆಸುತ್ತನ್ನೂ, ಭುಜದ ಮುಂತುದಿಯಿಂದ ಪೃಷ್ಠದ ಹಿಂತುದಿಯವರೆಗಿನ ಉದ್ದವನ್ನೂ ಸೆಂಟಿಮೀಟರಿನಲ್ಲಿ ಅಳೆಯಿರಿ. ಎದೆಸುತ್ತನ್ನು ಎದೆಸುತ್ತಿನಿಂದಲೇ ಗುಣಿಸಿ, ಅದನ್ನು ಉದ್ದದಿಂದ ಗುಣಿಸಿ, 11,880ರಿಂದ ಭಾಗಿಸಿದರೆ ಕೆಜಿ ಲೆಕ್ಕ ಸಿಗುತ್ತದೆ. ಸುತ್ತು 151, ಉದ್ದ 141 ಇದ್ದರೆ ಸುಮಾರು 270 ಕೆಜಿ. ಕುಣಿಗಲ್ ಸ್ಟಡ್ ಫಾರ್ಮಿನಲ್ಲಿ ಬೆಳೆದಂಥ ಥರೋಬ್ರೆಡ್ಡು 450–500 ಕೆಜಿ ತೂಗುತ್ತದೆ, ಮೆರವಣಿಗೆಯ ನಾಟಿ ಕುದುರೆ ಅದರ ಅರ್ಧದಿಂದ ಮುಕ್ಕಾಲು. ಒಬ್ಬರಿಗೆ ಹೇಳಿದ ಪ್ರಮಾಣ ಇನ್ನೊಬ್ಬರ ಕುದುರೆಗೆ ಹೊಂದದಿರುವುದು ಇದಕ್ಕೇ. ಮುಂದಿನ ಲೆಕ್ಕವೆಲ್ಲ ಈ 270 ಕೆಜಿ ಕುದುರೆಯದು.

ಮೇವು ಹೆಚ್ಚಿಸುವ ಮುಂಚೆ ಬಾಯಿ ನೋಡಿಸಬೇಕು. ಕುದುರೆಯ ದವಡೆ ಹಲ್ಲು ವರ್ಷಕ್ಕೆ 2–3 ಮಿ.ಮೀ. ಮೇಲೆ ಬರುತ್ತಲೇ ಇರುತ್ತದೆ. ಸಮವಾಗಿ ಸವೆಯದಿದ್ದರೆ ಮೇಲ್ಹಲ್ಲಿನ ಹೊರ ಅಂಚು ಕೆನ್ನೆಯನ್ನೂ, ಕೆಳಹಲ್ಲಿನ ಒಳ ಅಂಚು ನಾಲಿಗೆಯನ್ನೂ ಕುಯ್ಯುತ್ತದೆ. ಗೋದಲಿಯ ಬುಡದಲ್ಲಿ ಅರ್ಧ ಅಗಿದು ಉಗುಳಿದ ಹುಲ್ಲಿನ ಉಂಡೆ ಬಿದ್ದಿದ್ದರೆ, ಲದ್ದಿ ಒಡೆದಾಗ ಉದ್ದುದ್ದ ನಾರು, ಇಡೀ ಹುರುಳಿ ಕಾಳು ಕಂಡರೆ, ತಪ್ಪು ಮೇವಿನದ್ದಲ್ಲ. ಹಲ್ಲಿಗೆ ಅರ ಹಾಕಿಸದೆ ಏನು ತಿನ್ನಿಸಿದರೂ ನಷ್ಟವೇ. ಜಂತಿಗೆ ಲದ್ದಿ ಪರೀಕ್ಷೆ ಮಾಡಿಸಿ ಔಷಧ ಕೊಡಿಸಿ. ತೀರಾ ನಿತ್ರಾಣಗೊಂಡಿದ್ದರೆ ಸ್ವಲ್ಪ ಚೇತರಿಸಿಕೊಂಡ ಮೇಲೆ ಕೊಡುವುದನ್ನು ವೈದ್ಯರೇ ನಿರ್ಧರಿಸಲಿ. ದನಕ್ಕೆಂದು ಮನೆಯಲ್ಲಿಟ್ಟ ಐವರ್‌ಮೆಕ್ಟಿನ್ ಇಂಜೆಕ್ಷನ್ನನ್ನು ಕುದುರೆಗೆ ಚುಚ್ಚಬೇಡಿ, ಕುದುರೆಗೆ ಬಾಯಿಯ ಮೂಲಕ ಕೊಡುವ ಪೇಸ್ಟು ಬೇರೆಯೇ ಇದೆ.

ಅಂಕ 1 ಅಥವಾ 2 ಇರುವ, ಉಪವಾಸ ಬಿದ್ದ ಕುದುರೆಯ ದಾರಿಯೇ ಬೇರೆ. ತನ್ನದೇ ಕೊಬ್ಬು, ಮಾಂಸ ಕರಗಿಸಿಕೊಂಡು ಬದುಕಿದ ದೇಹದಲ್ಲಿ ರಂಜಕ, ಮೆಗ್ನೀಸಿಯಂ, ಪೊಟ್ಯಾಸಿಯಂ ಬರಿದಾಗಿರುತ್ತವೆ. ಕರುಣೆಯಿಂದ ಒಂದು ಬಕೆಟ್ ಕಾಳು ಇಟ್ಟರೆ ಪಿಷ್ಟ ಸಕ್ಕರೆಯಾಗಿ ಇನ್ಸುಲಿನ್ ಉಕ್ಕುತ್ತದೆ, ರಕ್ತದಲ್ಲಿ ಅಷ್ಟಿಷ್ಟು ಉಳಿದ ಖನಿಜಗಳನ್ನೂ ಅದು ಜೀವಕೋಶಗಳ ಒಳಕ್ಕೆ ಎಳೆದುಕೊಳ್ಳುತ್ತದೆ. ಹೃದಯ, ಉಸಿರಾಟದ ಸ್ನಾಯುಗಳು ಸೋಲುತ್ತವೆ. ಮೂರರಿಂದ ಐದು ದಿನದಲ್ಲಿ, ತಿನ್ನುತ್ತಿದ್ದ ಕುದುರೆಯೇ ಸಾಯುತ್ತದೆ. ಜನ ದೃಷ್ಟಿ ತಾಕಿತು ಅನ್ನುತ್ತಾರೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕೇಂದ್ರದ ಸಂಶೋಧಕರು ಇಂಥ ಕುದುರೆಗಳಿಗೆ ಬೇರೆಬೇರೆ ಮೇವು ಕೊಟ್ಟು ನೋಡಿದಾಗ ಒಣಗಿಸಿದ ಕುದುರೆ ಮಸಾಲೆ ಸೊಪ್ಪು, ಅಂದರೆ ಲೂಸರ್ನ್, ಎಲ್ಲಕ್ಕಿಂತ ಒಳ್ಳೆಯದೆಂದು ಕಂಡಿತು. ಅದರಲ್ಲಿ ಪಿಷ್ಟ ಕಡಿಮೆ, ಪ್ರೋಟೀನ್, ಮೆಗ್ನೀಸಿಯಂ ಹೆಚ್ಚು. ನಮ್ಮ ಕುದುರೆಗೆ ಮೊದಲ ಮೂರು ದಿನ ನಾಲ್ಕು ಗಂಟೆಗೊಮ್ಮೆ, ರಾತ್ರಿಯೂ ಬಿಡದೆ, 250–300 ಗ್ರಾಂ ಒಣ ಸೊಪ್ಪು. ನಾಲ್ಕನೇ ದಿನದಿಂದ ಮೆಲ್ಲಗೆ ಹೆಚ್ಚಿಸುತ್ತ, ಸಲಗಳನ್ನು ಕಡಿಮೆ ಮಾಡುತ್ತ, ಆರನೇ ದಿನದ ಹೊತ್ತಿಗೆ ಎಂಟು ಗಂಟೆಗೊಮ್ಮೆ ಒಂದು ಕೆಜಿ ಚಿಲ್ಲರೆ. ಹತ್ತು ದಿನ ದಾಟಿದ ಮೇಲೆ ತಿಂದಷ್ಟು. ಕಾಳು, ಎಣ್ಣೆ ಅಲ್ಲಿಯತನಕ ಬೇಡವೇ ಬೇಡ.

ಬರೀ ಬಡಕಲಾದ, ಅಂಕ 3ರ ಕುದುರೆಗೆ ಅಷ್ಟು ಅಂಜಿಕೆ ಬೇಡ. ಅದಕ್ಕೆ 30 ಕೆಜಿ ಮೈ ಬರಿಸಬೇಕೆಂದುಕೊಳ್ಳಿ. ಇದ್ದಂತೆ ಇರಲು ದಿನಕ್ಕೆ ಸುಮಾರು 9,000 ಕಿಲೋಕ್ಯಾಲೊರಿ ಬೇಕು. ಒಂದು ಕೆಜಿ ಮೈ ಬರಲು ಹೆಚ್ಚುವರಿ 20,000ದ ಆಸುಪಾಸು. ಮೂರು ತಿಂಗಳಲ್ಲಿ ಬರಿಸುವುದಾದರೆ ದಿನದ ಒಟ್ಟು 15,000–16,000. ತೂಕದ ಶೇ. 2.5ರಷ್ಟು, ಅಂದರೆ ಆರೂಮುಕ್ಕಾಲು ಕೆಜಿ ಒಣ ಪದಾರ್ಥಕ್ಕಿಂತ ಹೆಚ್ಚು ತಿನ್ನುವುದು ಕಷ್ಟ. ಆದ್ದರಿಂದ ಪ್ರಮಾಣಕ್ಕಿಂತ ಗುಣವನ್ನು ಏರಿಸಬೇಕು. ಐದೂವರೆ ಕೆಜಿ ಒಣ ಲೆಕ್ಕದ ಒಳ್ಳೆಯ ಮೇವು, ಒಂದು ಕೆಜಿ ಹುರುಳಿ, ನೂರು ಎಂ.ಎಲ್. ಎಣ್ಣೆ. ಲೆಕ್ಕ ಅಲ್ಲಿಗೆ ಕೂಡುತ್ತದೆ.

ಮೇವಿನಲ್ಲಿ ಅರ್ಧ ಕುದುರೆ ಮಸಾಲೆ, ಅರ್ಧ ಗರಿಕೆಯಂಥ ಎಳೆಯ ಹುಲ್ಲು ಇದ್ದರೆ ಅದಕ್ಕಿಂತ ಬೇಕಿಲ್ಲ. ಹಸಿ ಸೊಪ್ಪಿನಲ್ಲಿ ಐದರಲ್ಲಿ ನಾಲ್ಕು ಪಾಲು ನೀರು, ಅಂದರೆ ಒಂದು ಕೆಜಿ ಒಣದಕ್ಕೆ ಐದು ಕೆಜಿ ಹಸಿಯದು. ಕೊಯ್ದದ್ದನ್ನು ಕೆಲವು ಗಂಟೆ ನೆರಳಲ್ಲಿ ಹರಡಿ ಬಾಡಿಸಿ. ಗುಡ್ಡೆ ಹಾಕಿಟ್ಟರೆ ಒಳಗೆ ಕಾವು ಬಂದು ಕೆಡುತ್ತದೆ, ಅದು ಹೊಟ್ಟೆನೋವಿಗೆ ದಾರಿ. ಪಾವಗಡ, ಶಿರಾ ಕಡೆ ಕಾಯಿ ಬಿಡಿಸಿಕೊಂಡ ಮೇಲೆ ಉಳಿಯುವ ಕಡಲೆಕಾಯಿ ಬಳ್ಳಿ ಒಳ್ಳೆಯ ಒಣ ಮೇವು, ಬೂಸ್ಟು ಹಿಡಿಯದಿದ್ದರೆ. ಬೇರಿನ ಮಣ್ಣನ್ನು ಚೆನ್ನಾಗಿ ಕೊಡವಬೇಕು. ಮರಳು ಕರುಳಿನ ತಳದಲ್ಲಿ ಕೂತುಬಿಡುತ್ತದೆ. ಅನುಮಾನ ಬಂದರೆ ಐದಾರು ಲದ್ದಿ ಉಂಡೆಗಳನ್ನು ಬಕೆಟ್ ನೀರಿನಲ್ಲಿ ಕದಡಿ, ಬಗ್ಗಿಸಿ, ತಳದಲ್ಲಿ ಮರಳು ಉಳಿಯಿತೇ ನೋಡಿ. ರಾಗಿ ಹುಲ್ಲನ್ನು ಬಿಡಬೇಕಿಲ್ಲ, ರಾತ್ರಿ ಬಾಯಾಡಿಸಲು ಒಂದು ಹಿಡಿ ಇರಲಿ.

ಹುರುಳಿಯಲ್ಲಿ ಶೇ. 22ರಷ್ಟು ಪ್ರೋಟೀನ್ ಇದೆ, ಬೆನ್ನ ಮಾಂಸಕ್ಕೆ ಬೇಕಾದ ಲೈಸಿನ್ ಕೂಡ ಚೆನ್ನಾಗಿದೆ. ಆದರೆ ಹಸಿ ಕಾಳಿನಲ್ಲಿ ಪ್ರೋಟೀನ್ ಜೀರ್ಣವಾಗಲು ಬಿಡದ ಅಂಶಗಳಿವೆ, ಅವು ಬೇಯಿಸಿದರೆ ಹಾಳಾಗುತ್ತವೆ. ಆರಿಸಿ ಕಲ್ಲು ತೆಗೆದು, ರಾತ್ರಿ ನೆನೆಹಾಕಿ, ಬೆರಳ ನಡುವೆ ಒತ್ತಿದರೆ ಹಿಟ್ಟಾಗುವ ತನಕ ಬೇಯಿಸಿ. ನೆನೆಸದ ಕಾಳನ್ನು ಹಸಿದ ಕುದುರೆ ಗಬಗಬ ನುಂಗಿದರೆ ಗಂಟಲಲ್ಲಿ ಉಬ್ಬಿ ಸಿಕ್ಕಿಕೊಳ್ಳುತ್ತದೆ, ಮೂಗಿನಲ್ಲಿ ಹಸಿರು ನೊರೆ ಬರುತ್ತದೆ. ಒಂದು ಕೆಜಿಯನ್ನು ಮೂರು ಹೊತ್ತಿಗೆ ಹಂಚಿ, ಮೊದಲು ಹುಲ್ಲು ತಿನ್ನಿಸಿ, ಆಮೇಲೆ ಕತ್ತರಿಸಿದ ಮೇವಿನಲ್ಲಿ ಬೆರೆಸಿ ಕೊಡಿ. ಬೇಸಿಗೆಯಲ್ಲಿ ಬೆಳಿಗ್ಗೆ ಬೆಂದದ್ದು ಮಧ್ಯಾಹ್ನಕ್ಕೆ ಹುಳಿ ಬಂದಿರುತ್ತದೆ, ಮೂಸಿ ನೋಡಿ. ಯಾವ ಕಾಳಾದರೂ ಒಂದೇ ಹೊತ್ತಿಗೆ ಒಂದು ಕೆಜಿ ದಾಟಿದರೆ ಪಿಷ್ಟ ಸಣ್ಣ ಕರುಳಲ್ಲಿ ಮುಗಿಯದೆ ದೊಡ್ಡ ಕರುಳಿಗೆ ಇಳಿದು ಆಮ್ಲವಾಗುತ್ತದೆ. ಹೊಟ್ಟೆಶೂಲೆ, ಗೊರಸಿನೊಳಗಿನ ಉರಿಯೂತ ಎರಡೂ ಶುರುವಾಗುವುದು ಅಲ್ಲಿಂದಲೇ.

ಎಣ್ಣೆಯನ್ನು ದಿನಕ್ಕೆ ಎರಡು ಚಮಚದಿಂದ ಶುರುಮಾಡಿ ಎರಡು ಮೂರು ವಾರದಲ್ಲಿ ನೂರು ಎಂ.ಎಲ್. ಮುಟ್ಟಿಸಿ. ಸೋಯಾ, ಸೂರ್ಯಕಾಂತಿ ಯಾವುದಾದರೂ ಸರಿ, ಕರಿದು ಉಳಿದದ್ದು ಬೇಡ. ಎಣ್ಣೆ ಹೆಚ್ಚಾದಷ್ಟೂ ವಿಟಮಿನ್ ಇ ಬೇಕು, ಹಸಿ ಸೊಪ್ಪಿನಲ್ಲಿ ಅದು ಸಿಗುತ್ತದೆ.

ಬೂಸಾದ ತೊಂದರೆ ಹೊರಗೆ ಕಾಣುವುದು ತಡವಾಗಿ. ಒಂದು ಕೆಜಿ ಗೋಧಿ ಬೂಸಾದಲ್ಲಿ ರಂಜಕ 11 ಗ್ರಾಂ ಆಸುಪಾಸು, ಕ್ಯಾಲ್ಸಿಯಂ ಒಂದೂವರೆ ಗ್ರಾಂ ಕೂಡ ಇಲ್ಲ. ಅಕ್ಕಿ ತೌಡಿನದು ಇನ್ನೂ ಕೆಟ್ಟದು. ಮೇಲಿಂದ ನೇಪಿಯರ್ ಹುಲ್ಲಿನ ಆಕ್ಸಲೇಟು ಇರುವ ಕ್ಯಾಲ್ಸಿಯಮ್ಮನ್ನೂ ಕಟ್ಟಿಹಾಕುತ್ತದೆ. ಹಸುವಿನ ಮೊದಲ ಹೊಟ್ಟೆಯ ಸೂಕ್ಷ್ಮಾಣುಗಳು ಆಕ್ಸಲೇಟನ್ನು ಒಡೆದುಬಿಡುತ್ತವೆ. ಕುದುರೆಯಲ್ಲಿ ಕ್ಯಾಲ್ಸಿಯಂ ಹೀರಿಕೊಳ್ಳುವ ಜಾಗ ಮೊದಲು ಬರುತ್ತದೆ, ಸೂಕ್ಷ್ಮಾಣುಗಳ ಜಾಗ ಆಮೇಲೆ. ಕೊರತೆಯಾದ ಕ್ಯಾಲ್ಸಿಯಂ ಮೂಳೆಯಿಂದ ಹೋಗುತ್ತದೆ: ಇವತ್ತು ಈ ಕಾಲು, ನಾಳೆ ಆ ಕಾಲು ಕುಂಟು, ತಿಂಗಳುಗಳ ಮೇಲೆ ಮುಖದ ಮೂಳೆ ಎರಡೂ ಕಡೆ ಊದುತ್ತದೆ. ನೇಪಿಯರ್ ಮುಖ್ಯ ಮೇವಾಗದಿರಲಿ, ಬೂಸಾ ಅರ್ಧ ಕೆಜಿ ದಾಟದಿರಲಿ. ಕ್ಯಾಲ್ಸಿಯಂ ತುಂಬಿದ ಕುದುರೆ ಮಸಾಲೆ ಜೊತೆಗಿದ್ದರೆ ಲೆಕ್ಕ ಸರಿಹೋಗುತ್ತದೆ. ಅದು ಸಿಗದ ದಿನಗಳಲ್ಲಿ ಪಶು ಆಹಾರದ ಸುಣ್ಣಕಲ್ಲಿನ ಪುಡಿ 25–30 ಗ್ರಾಂ ಹಾಕಬಹುದು. ಎಲೆಗೆ ಹಚ್ಚುವ ಸುಣ್ಣ ಬಾಯಿ ಸುಡುತ್ತದೆ, ಅದಲ್ಲ.

ಕೋಳಿ ಫೀಡು ಮಾತ್ರ ಲಾಯದ ಹತ್ತಿರವೂ ಬರಬಾರದು. ಬ್ರಾಯ್ಲರ್ ಫೀಡಿನಲ್ಲಿ ಕಾಕ್ಸಿಡಿಯಾ ರೋಗ ತಡೆಯಲು ಮೊನೆನ್ಸಿನ್, ಸ್ಯಾಲಿನೋಮೈಸಿನ್‌ನಂಥ ಔಷಧ ಬೆರೆಸುವುದುಂಟು. ಕೋಳಿ ತಡೆದುಕೊಳ್ಳುವ ಮೊನೆನ್ಸಿನ್ ಕುದುರೆಯ ಹೃದಯದ ಸ್ನಾಯುವನ್ನು ಕೊಲ್ಲುತ್ತದೆ. ತೂಕದ ಕೆಜಿಗೆ 2–3 ಮಿಲಿಗ್ರಾಂ ಪ್ರಾಣಾಂತಿಕ. ಕೆಜಿಗೆ 110 ಮಿಲಿಗ್ರಾಂ ಬೆರೆಸಿದ ಫೀಡಾದರೆ ಐದಾರು ಕೆಜಿ ಸಾಕು, ಮಿಶ್ರಣ ಹೆಚ್ಚುಕಮ್ಮಿಯಾಗಿದ್ದರೆ ಇನ್ನೂ ಕಡಿಮೆ. ಇದಕ್ಕೆ ಪ್ರತಿಮದ್ದಿಲ್ಲ. ಕೆಲವು ಹಸುವಿನ ಫೀಡುಗಳಲ್ಲೂ ಅದಿರುತ್ತದೆ, ಚೀಲದ ಚೀಟಿ ಓದಿ.

ಮಾರುಕಟ್ಟೆಯಲ್ಲಿ ಉಳಿದ ತರಕಾರಿಯ ಆಸೆಯೂ ಹಾಗೇ. ಕ್ಯಾರೆಟ್ಟು ರುಚಿಗೆ ಒಳ್ಳೆಯದು, ಮೈ ಬರಿಸದು, ಅದರಲ್ಲಿ ಶೇ. 88 ನೀರೇ. ಕೋಸಿನ ಎಲೆ ಗಾಳಿ ತುಂಬಿಸುತ್ತದೆ, ಟೊಮ್ಯಾಟೊ ಗಿಡ ವಿಷ, ಶ್ರೀನಿವಾಸಪುರದ ಮಾವಿನ ಓಟೆ ಗಂಟಲಿಗೆ ಸಿಕ್ಕುತ್ತದೆ. ನೀರು ಎರಡು ಹೊತ್ತು ಕುಡಿಸುವುದಲ್ಲ, ಸದಾ ಎದುರಿಗಿರಬೇಕು. ಬಿಸಿಲಿನಲ್ಲಿ 20–25 ಲೀಟರ್ ಸುಲಭವಾಗಿ ಖಾಲಿಯಾಗುತ್ತದೆ. ದಿನಕ್ಕೊಂದು ದೊಡ್ಡ ಚಮಚ ಉಪ್ಪು.

ಯಾವ ಬದಲಾವಣೆಯನ್ನೂ ಹತ್ತು ಹದಿನಾಲ್ಕು ದಿನಕ್ಕೆ ಹರಡಿ, ಕರುಳಿನ ಸೂಕ್ಷ್ಮಾಣುಗಳು ಹೊಸ ಮೇವಿಗೆ ಹೊಂದಿಕೊಳ್ಳಲು ಅಷ್ಟು ಬೇಕು. ಹದಿನೈದು ದಿನಕ್ಕೊಮ್ಮೆ, ಬೆಳಗಿನ ಮೇವಿಗೆ ಮುಂಚೆ, ಪ್ರತಿ ಸಲವೂ ಅದೇ ಒಬ್ಬರು ಟೇಪು ಹಿಡಿಯಲಿ. ಮೊದಲ ತಿಂಗಳಲ್ಲೇ ವ್ಯತ್ಯಾಸ ಗೊತ್ತಾಗಬೇಕು. ಚೆನ್ನಾಗಿ ತಿಂದೂ ಐದಾರು ವಾರ ಟೇಪು ಅಲ್ಲಾಡದಿದ್ದರೆ ಮೇವು ಹೆಚ್ಚಿಸಬೇಡಿ, ರಕ್ತ ಪರೀಕ್ಷೆ ಮಾಡಿಸಿ. ನೊಣ ಹರಡುವ ಸರ್ರಾ, ಉಣ್ಣೆಯಿಂದ ಬರುವ ಬಬೇಸಿಯಾ ಎರಡೂ ಕುದುರೆಯನ್ನು ಹೀಗೇ ಸೊರಗಿಸುತ್ತವೆ: ಬಿಟ್ಟು ಬಿಟ್ಟು ಜ್ವರ, ಬಿಳಿಚಿದ ವಸಡು, ಕಾಲು ಹೊಟ್ಟೆಯಡಿ ಊತ. ಜೊತೆಗೆ ಮೂಗಿನಿಂದ ಅಂಟು ಕೀವು, ಮೈಮೇಲೆ ಗಂಟು ಕಂಡರೆ ಅದು ಗ್ಲ್ಯಾಂಡರ್ಸ್ ಇರಬಹುದು. ಮನುಷ್ಯರಿಗೂ ತಗಲುವ ರೋಗವಾದ್ದರಿಂದ ಆ ಕುದುರೆಯನ್ನು ಬೇರೆ ಕಟ್ಟಿ, ಮುಟ್ಟಿದ ಕೈ ತೊಳೆದು, ಅದೇ ದಿನ ಪಶು ಆಸ್ಪತ್ರೆಗೆ ತಿಳಿಸಬೇಕು.